ಕಣ್ಣು ಬಂದಿದೆ

ಶ್ರೀ
ಪೂನಾ
೨೦-೧-೧೯೬೪

ಪ್ರೀತಿಯ ಅತ್ತಿಗೆಯವರಿಗೆ,

ಅತ್ತೆಗೆ ಕಣ್ಣು ಬಂತು! ಬೆಳಿಗ್ಗೆ ನಿಮ್ಮ ಕಾರ್ಡು ಕೈಗೆ ಬಂದಾಗಿನಿಂದ ಇದನ್ನೇ ಗಟ್ಟಿಯಾಗಿ ಹೇಳಿಕೊಳ್ಳುತ್ತಾ ಮಹಡಿಯ ಮೆಟ್ಟಿಲನ್ನು ಎಷ್ಟು ಸಲ ಹತ್ತಿ ಇಳಿದೆನೋ ನನಗೇ ಗೊತ್ತಿಲ್ಲ. ಅಲ್ಲ ಅತ್ತಿಗೆ, ಇಷ್ಟು ದೊಡ್ಡ ಸುದ್ದಿಯನ್ನು ಯಾರಾದರೂ ಹೀಗೆ ಬರೆಯುತ್ತಾರೆಯೇ? “ಇತ್ತ ಕ್ಷೇಮ. ಅಮ್ಮನಿಗೆ ಕಣ್ಣು ಬಂದಿದೆ. ಗಾಬರಿಯಾಗುವುದು ಬೇಡ. ಕೇಶವನಿಗೆ ತಿಳಿಸು.” ಅಷ್ಟೇ! ನಿಮ್ಮ ಶಾಲೆಯ ಮಕ್ಕಳು ಪ್ರಬಂಧವನ್ನು ಹೀಗೆ ಬರೆದರೆ ನೀವು ಸೊನ್ನೆ ಸುತ್ತುವುದಿಲ್ಲವೇ?

ಗಾಬರಿಯಾಗಬೇಡ ಎಂದು ಯಾಕೆ ಬರೆದಿರಿ ಎಂದು ಮೊದಲು ತಿಳಿಯಲಿಲ್ಲ. ಆಮೇಲೆ ನಕ್ಕೆ. ಧಾರೆಯ ದಿನ ಅತ್ತೆ ನನ್ನ ಮುಖವನ್ನು ಎರಡು ಅಂಗೈಯಲ್ಲಿ ಹಿಡಿದು, ಬೆರಳಲ್ಲೇ ಹಣೆ ಮೂಗು ಗಲ್ಲ ಎಲ್ಲ ನೋಡಿ, “ಮೂಗೇನೋ ಚೆನ್ನಾಗೈತೆ. ಬಣ್ಣ ಕಾಣೆ ಕಣವ್ವ. ಕಣ್ಣು ಬರ್ಲಿ, ಆಮೇಲ್ ಹೇಳ್ತೀನಿ” ಎಂದಿದ್ದರಲ್ಲ. ಡಿಸೆಂಬರಿನಲ್ಲಿ ಬಲಗಣ್ಣಿನ ಪೊರೆ ತೆಗೆದು, ಸಂಕ್ರಾಂತಿ ಕಳೆದ ಮೇಲೆ ದಪ್ಪ ಕನ್ನಡಕ ಕೊಡುತ್ತೇವೆ ಎಂದಿದ್ದರು. ಲೆಕ್ಕ ಸರಿಯಾಗಿಯೇ ಇದೆ. ಈಗ ಕಣ್ಣು ಬಂತು, ಇನ್ನು ಸೊಸೆಯ ಬಣ್ಣ ಬಯಲಾಗುತ್ತದೆ, ಗಾಬರಿಯಾಗಬೇಡ ಎಂದು ತಾನೇ ನೀವು ಬರೆದದ್ದು? ಆಗಲಿ, ಕಪ್ಪು ಎನ್ನಲಿ, ನನಗೇನೂ ಬೇಸರವಿಲ್ಲ!

ಕೆಳಗಿನ ಮನೆಯ ಡಾಕ್ಟರ್ ಲಿಮಯೆ ಅವರಿಗೆ ನಮ್ಮತ್ತೆಗೆ ದೃಷ್ಟಿ ಮರಳಿತು ಎಂದು ಇಂಗ್ಲಿಷಿನಲ್ಲಿ ಹೇಳಿದೆ. ತುಂಬಾ ಸಂತೋಷಪಟ್ಟರು. ಅವರ ತಾಯಿಗೆ ಇಂಗ್ಲಿಷ್ ಬಾರದು, ನನಗೆ ಮರಾಠಿ ಬಾರದು. ಆ ಆಜಿಯ ಕೈಗೆ ಎರಡು ಪೇಡೆ ಇಟ್ಟು, ನನ್ನ ಕಣ್ಣನ್ನೇ ತೋರಿಸಿ ನಕ್ಕುಬಿಟ್ಟೆ. ಅವರೂ ನಕ್ಕರು. ಇಡೀ ವಠಾರಕ್ಕೆ ಪೇಡೆ ಹಂಚಿದ್ದೇನೆ.

ನಿಮ್ಮ ತಮ್ಮನಿಗೆ ಮಾತ್ರ ಹೇಳಿಲ್ಲ! ಅವರು ರೈಲ್ವೆ ಸೇತುವೆಗಳನ್ನು ನೋಡಿಕೊಂಡು ಮೀರಜ್ ಕಡೆ ಕ್ಯಾಂಪಿನಲ್ಲಿದ್ದಾರೆ, ತಿಂಗಳ ಕೊನೆಗೆ ಬರುತ್ತಾರೆ. ಕಾಗದದಲ್ಲಿ ಹೇಳಿದರೆ ಅವರ ಮುಖ ನನಗೆ ಕಾಣುವುದಿಲ್ಲವಲ್ಲ. ಬಂದು ಬೂಟು ಬಿಚ್ಚುವಾಗ ಹೇಳಿ ಸರ್ಪ್ರೈಸ್ ಮಾಡುತ್ತೇನೆ. ನೀವೂ ಅವರಿಗೆ ಬರೆಯಬೇಡಿ, ಪ್ಲೀಸ್.

ಇದರ ಜೊತೆ ಒಂದು ಪಾರ್ಸೆಲ್ ಕಳಿಸಿದ್ದೇನೆ. ಇಲ್ಲಿ ಹೊಸ ಸೊಸೆಗೆ ಮೊದಲ ಸಂಕ್ರಾಂತಿಗೆ ಕಪ್ಪು ಸೀರೆ ಉಡಿಸಿ, ಸಕ್ಕರೆ ಕಾಳು ಪೋಣಿಸಿದ ಒಡವೆ ಹಾಕುತ್ತಾರೆ. ಸರ, ಬಳೆ, ಬೈತಲೆಬೊಟ್ಟು, ಎಲ್ಲ ಸಕ್ಕರೆಯದೇ! ಆಜಿ ನನಗೂ ಹಾಕಿದರು. ಆ ಸರವನ್ನೇ ಕಳಿಸಿದ್ದೇನೆ. ಅತ್ತೆ ಕಣ್ತುಂಬ ನೋಡಲಿ. ನೋಡುವುದಕ್ಕೆ ಮಾತ್ರ ಎಂದು ಹೇಳಿ, ಸಕ್ಕರೆ ಕಾಯಿಲೆಯವರ ಬಾಯಿಗಲ್ಲ.

ಈ ಸಲ ಮೇಲೆ ಶ್ರೀ ಹಾಕಿದ್ದೇನೆ, ನೋಡಿದಿರಾ? ಹೋದ ಸಲ ಮರೆತದ್ದಕ್ಕೆ ಮಾವ ಕಾಗದ ಓದುವ ಮೊದಲೇ ಜಗಲಿಯ ಮೇಲೆ ಕುಸಿದು ಕುಳಿತರು ಎಂದು ನೀವು ಬರೆದದ್ದನ್ನು ಓದಿ ನನಗೆ ಒಂದು ಕಡೆ ನಗು, ಒಂದು ಕಡೆ ನಾಚಿಕೆ. ಸಾವಿನ ಕಾಗದಕ್ಕೆ ಮಾತ್ರ ಶ್ರೀ ಹಾಕುವುದಿಲ್ಲ ಎಂದು ಕಾನ್ವೆಂಟಿನ ಸಿಸ್ಟರುಗಳು ಯಾರೂ ಹೇಳಿಕೊಟ್ಟಿರಲಿಲ್ಲ! ಉಳಿದ ತಪ್ಪುಗಳನ್ನು ಎಂದಿನಂತೆ ಕೆಂಪು ಶಾಯಿಯಲ್ಲಿ ತಿದ್ದಿ ಕಳಿಸಿ. ಒಂದೂ ಇರಲಾರದು ಎಂದು ನನ್ನ ಪಂಥ.

ಕುಣಿಯುತ್ತಿರುವ ನಿಮ್ಮ
ಪದ್ಮಿನಿ

&nbsp;

ಶ್ರೀ
ಪೂನಾ
೨೫-೧-೧೯೬೪

ಪ್ರೀತಿಯ ಅತ್ತಿಗೆಯವರಿಗೆ,

ಅಂಚೆಯವನು ಇವತ್ತೂ ನಮ್ಮ ಮನೆ ದಾಟಿ ಹೋದ. ಪಾರ್ಸೆಲ್ ಮುಟ್ಟಿತೇ? ಕಾಗದದಲ್ಲಿ ಅಷ್ಟೊಂದು ತಪ್ಪುಗಳಿದ್ದವೇ, ಕೆಂಪು ಶಾಯಿ ಸಾಲಲಿಲ್ಲವೇ?

ತಮಾಷೆ ಮಾಡಿದೆ. ಕಣ್ಣು ಬಂದ ಮನೆಗೆ ನೆಂಟರು ಬರುತ್ತಿರುತ್ತಾರೆ, ನಿಮಗೆ ಬಿಡುವಿರಲಾರದು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ಅತ್ತೆ ಈಗ ಏನೇನು ನೋಡುತ್ತಾರೆ? ದ್ರಾಕ್ಷಿ ಚಪ್ಪರದ ಕೆಳಗೆ ಹೋದರೇ? ಗೊಂಚಲುಗಳಿಗೆ ಬಣ್ಣ ತಿರುಗಿದೆಯಂತೆ, ಮಾವನೇ ಮೊದಲ ಬುಟ್ಟಿ ಕೊಯ್ಯುತ್ತಾರೆ ಎಂದು ನಿಮ್ಮ ತಮ್ಮ ಹೇಳುತ್ತಿದ್ದರು. ನನಗೆ ಮದುವೆಯ ಮರುದಿನದ ಯಲಹಂಕವೇ ಕಣ್ಣಲ್ಲಿದೆ. ಆ ಚಪ್ಪರ, ಆ ಕಡೆ ರೈಲು ಗೇಟು, ಗೇಟು ಹಾಕಿದಾಗಲೆಲ್ಲ “ದೊಡ್ಡಬಳ್ಳಾಪುರದ ಗಾಡಿ ಬಂತು ಕಣ್ರೇ” ಎಂದು ಕೂಗುವ ಅತ್ತೆ. ಕಾಣದಿದ್ದರೂ ಶಬ್ದದಲ್ಲೇ ಯಾವ ಗಾಡಿ ಎಂದು ಹೇಳುತ್ತಿದ್ದರು.

ಅತ್ತಿಗೆ, ನಾನು ಏನಾದರೂ ಬರೆಯಬಾರದ್ದನ್ನು ಬರೆದೆನೇ? ಬರೆದಿದ್ದರೆ ಬೈದು ಒಂದು ಸಾಲು ಹಾಕಿ. ಬೈಗುಳವಾದರೂ ಪರವಾಗಿಲ್ಲ. ಅತ್ತೆಯ ಕೈಯಲ್ಲೇ ಒಂದು ಅಕ್ಷರ ಬರೆಸಿ. ಓರೆಕೋರೆ ಇದ್ದರೂ ಚೌಕಟ್ಟು ಹಾಕಿಸಿ ಇಡುತ್ತೇನೆ.

ನಿಮ್ಮ
ಪದ್ಮಿನಿ

&nbsp;

ಶ್ರೀ
ಯಲಹಂಕ
೨೭-೧-೧೯೬೪

ಚಿ॥ ಸೌ॥ ಪದ್ಮಿನಿಗೆ ಆಶೀರ್ವಾದ.

ಇತ್ತ ಎಲ್ಲ ಕ್ಷೇಮ ಎಂದು ಮೊದಲು ಬರೆಯುವುದು ಪದ್ಧತಿ. ಬರೆದಿದ್ದೇನೆ.

ನಿನ್ನ ಎರಡೂ ಕಾಗದ ತಲುಪಿದವು. ಅಮ್ಮನ ಕಣ್ಣು ಬಂದದ್ದು ನಿನಗೆ ಹಬ್ಬವಾಯಿತು, ವಠಾರಕ್ಕೆ ಪೇಡೆ ಹಂಚಿದೆ, ಕೇಶವನಿಗೆ ಹೇಳದೆ ಮುಚ್ಚಿಟ್ಟೆ. ಓದಿ ತಿಳಿದುಕೊಂಡೆವು. ದೊಡ್ಡ ಶಾಲೆಯಲ್ಲಿ ಓದಿದ ಹುಡುಗಿಯರಿಗೆ ಅತ್ತೆಯ ಸಂಕಟ ತಮಾಷೆಯಾಗಿ ಕಾಣಬಹುದು. ನಾನು ಹಳ್ಳಿಯ ಮಕ್ಕಳಿಗೆ ಅಕ್ಷರ ತಿದ್ದಿಸುವವಳು, ಇಂಥ ಕಾಗದವನ್ನು ಹೇಗೆ ತಿದ್ದಬೇಕೆಂದು ತಿಳಿಯಲಿಲ್ಲ. ಆದ್ದರಿಂದ ಉತ್ತರ ಬರೆಯಲಿಲ್ಲ. ಅಪ್ಪ “ಕೇಶವಂಗೆ ಹೇಳಕ್ಕಾದ್ರೂ ಬರಿಯವ್ವ” ಎಂದರು, ಅದಕ್ಕೆ ಬರೆಯುತ್ತಿದ್ದೇನೆ.

ಹಬ್ಬ ಕಳೆದು ಮೂರನೇ ದಿನ ಅಮ್ಮನ ಬಲಗಣ್ಣು, ಅದೇ ಪೊರೆ ತೆಗೆದ ಕಣ್ಣು, ಕೆಂಪಗಾಗಿ ನೀರು ಸುರಿಯತೊಡಗಿತು. ಬೀದಿಯಲ್ಲಿ ನಾಲ್ಕು ಮಕ್ಕಳಿಗೂ ಕಣ್ಣು ಬಂದಿತ್ತು, ಅಮ್ಮನಿಗೂ ಬಂತು ಎಂದುಕೊಂಡೆವು. ನಂದಿಬಟ್ಟಲ ಹೂವಿನ ರಸ ಬಿಟ್ಟೆ. ಕಾಂಪೌಂಡರ್ ಮುನಿಗಂಗಪ್ಪ ನೋಡಿ, “ಊರಿಗೆಲ್ಲ ಬಂದೈತೆ, ವಾರಕ್ಕೆ ಹೋಗ್ತದೆ” ಎಂದು ಹನಿ ಔಷಧಿ ಕೊಟ್ಟ. ಕನ್ನಡಕ ಕೊಡುವ ದಿನ ಆಸ್ಪತ್ರೆಗೆ ಹೋಗಲಾಗಲಿಲ್ಲ, ಕೆಂಪು ಇಳಿಯಲಿ ಎಂದು ಕಾದೆವು. ಆಮೇಲೆ ಅರ್ಧ ತಲೆನೋವು. ಬಲಗಡೆಯ ಮೂಗು ಕಟ್ಟಿತು. ಕೆನ್ನೆ ಊದಿತು. ಮೊನ್ನೆಯಿಂದ ರೆಪ್ಪೆ ಬಿದ್ದುಹೋಗಿದೆ, ಎತ್ತಲಾರಳು. ಬೆರಳಿನಿಂದ ಎತ್ತಿ ನೋಡಿದರೆ ಕಣ್ಣು ಗುಡ್ಡೆ ಮುಂದಕ್ಕೆ ತಳ್ಳಿದ ಹಾಗೆ ಕಾಣುತ್ತದೆ.

ಒಂದು ಸಮಾಧಾನವೆಂದರೆ ನಿನ್ನೆಯಿಂದ ನೋವು ಇಳಿದಿದೆ. ಕೆನ್ನೆ ಮುಟ್ಟಿದರೂ ಗೊತ್ತಾಗುತ್ತಿಲ್ಲ ಎನ್ನುತ್ತಾಳೆ. ಮದ್ದು ಹಿಡಿದಿದೆ ಎಂದುಕೊಂಡಿದ್ದೇವೆ.

ಹಬ್ಬದಿಂದ ಅವಳಿಗೆ ಯಾವುದೂ ಬೇಡ. ಸಕ್ಕರೆ ಕಾಯಿಲೆಯ ಮಾತ್ರೆ ವಾಕರಿಕೆ ಎಂದು ಬಿಟ್ಟಳು. ಅನ್ನ ಬೇಡ, ಮುದ್ದೆ ಬೇಡ, ಪ್ರಾಣವೇ ಆಗಿದ್ದ ನಶ್ಯದ ಡಬ್ಬಿಯನ್ನೂ ದೂರ ತಳ್ಳಿದಳು. ನೀರು ಮಾತ್ರ ಕೊಡ ಕೊಡ ಕುಡಿಯುತ್ತಾಳೆ. ಏದುಸಿರು. ಬಾಯಿಂದ ಮಾಗಿದ ಹಣ್ಣಿನ ವಾಸನೆ ಬರುತ್ತದೆ. ಅಪ್ಪ ಬಗ್ಗಿ ಮೂಸಿ ನೋಡಿ, “ಕಳ್ಳಿ, ದ್ರಾಕ್ಷಿ ತಿಂದವ್ಳೆ ಕಣೆ ಇವ್ಳು. ಚಪ್ಪರದ ತಂಕ ಎಂಗೆ ಓದ್ಲೋ!” ಎಂದು ಗದರಿದರು. ಅವಳು ನಗಲೂ ಇಲ್ಲ, ಬೈಯಲೂ ಇಲ್ಲ. ಮೂಗಿನೊಳಗೆ ನಶ್ಯದ ಕಪ್ಪು ಗಟ್ಟಿಯಾಗಿ ಕೂತಿದೆ, ಬಿಸಿನೀರಿನ ಬಟ್ಟೆಯಲ್ಲಿ ಒರೆಸಿದರೂ ಹೋಗದು.

ನಿನ್ನ ಸಕ್ಕರೆ ಸರ ಬಂದ ದಿನ ನಡೆದದ್ದನ್ನೂ ಹೇಳಿಬಿಡುತ್ತೇನೆ.

“ಏನೇ ಅದು, ಮುತ್ತಾ?” ಎಂದಳು ಅಮ್ಮ, ಬೆರಳಾಡಿಸಿ.

“ಸಕ್ಕರೆ ಸರ. ಪೂನಾದಿಂದ ನಿನ್ನ ಸೊಸೆ ಕಳಿಸವ್ಳೆ. ನೋಡೋಕ್ ಮಾತ್ರ ಅಂತೆ.”

“ನೋಡೋಕ್ ಕಣ್ಣೆಲ್ಲೈತೆ? ಇಲ್ ಕೊಡು.” ಕೊರಳಿಗೆ ಹಾಕಿಕೊಂಡಳು. ಸಂಜೆ ನೋಡಿದರೆ ಬರೀ ದಾರ ಇತ್ತು. ಒಂದೊಂದೇ ಕಾಳನ್ನು ಬೆರಳಲ್ಲಿ ಹುಡುಕಿ ತಿಂದಿದ್ದಾಳೆ. ಬೈದರೆ, “ಸೊಸೆ ಕೊಟ್ಟಿದ್ದು ಕಣೆ. ನೋಡಕ್ಕಾಗ್ಲಿಲ್ಲ, ರುಚಿನಾದ್ರೂ ನೋಡ್ದೆ” ಎಂದಳು.

ಕೇಶವನಿಗೆ ತಿಳಿಸುವುದಾದರೆ ತಿಳಿಸು.

ವೆಂಕಟಲಕ್ಷ್ಮಮ್ಮ

&nbsp;

ಶ್ರೀ
ಪೂನಾ
೨೯-೧-೧೯೬೪

ಅತ್ತಿಗೆ,

ಈ ಕಾಗದಕ್ಕಿಂತ ಮೊದಲು ನನ್ನ ತಂತಿ ನಿಮಗೆ ಮುಟ್ಟಿರುತ್ತದೆ. ಮುಟ್ಟಿರಬೇಕು. ಅತ್ತೆಯನ್ನು ಕೂಡಲೇ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಒಯ್ಯಿರಿ, ಮೂಗಿನ ಕಪ್ಪನ್ನು ಡಾಕ್ಟರಿಗೆ ತೋರಿಸಿ, ಅದು ನಶ್ಯವಲ್ಲ ಎಂದು ಹೇಳಿ, ಇಷ್ಟೇ ಕಳಿಸಿದೆ. ತಂತಿ ತೆಗೆದುಕೊಂಡವರು ಸ್ನಫ್ ಎಂಬ ಮಾತನ್ನು ಮತ್ತೆ ಮತ್ತೆ ಕೇಳಿದರು. ಹುಚ್ಚಿ ಎಂದುಕೊಂಡಿರಬೇಕು.

ನಾನು ತಮಾಷೆ ಮಾಡಲಿಲ್ಲ, ಅತ್ತಿಗೆ. ನನಗೆ ಗೊತ್ತಿರಲಿಲ್ಲ. ಕೋಲಾರದ ಗಣಿಯ ಬಂಗಲೆಯಲ್ಲಿ ತಮಿಳು ಆಯಾ ಬೆಳೆಸಿದಳು, ಆಮೇಲೆ ಕೂನೂರಿನ ಹಾಸ್ಟೆಲ್. ಅಲ್ಲಿ ಕಣ್ಣು ಕೆಂಪಾದರೆ ಪಿಂಕ್ ಐ ಎನ್ನುತ್ತಿದ್ದರು. ಕಣ್ಣು ಬರುವುದು ಎಂದರೆ ಕಾಯಿಲೆ ಎಂದು ನನಗೆ ಯಾರೂ ಹೇಳಿರಲಿಲ್ಲ. “ಕಣ್ಣು ಬರ್ಲಿ, ಆಮೇಲ್ ಹೇಳ್ತೀನಿ” ಎಂದು ಅತ್ತೆ ಹೇಳಿದ ಒಂದು ಮಾತು ಮಾತ್ರ ನನಗೆ ಗೊತ್ತಿತ್ತು. ಅದನ್ನೇ ಹಿಡಿದುಕೊಂಡು ನಿಮ್ಮ ಕಾರ್ಡು ಓದಿದೆ.

ನಿಮ್ಮ ಕಾಗದ ಹಿಡಿದು ಓಡಿದ್ದು ಕೆಳಗಿನ ಮನೆಗೆ. ಡಾಕ್ಟರ್ ಲಿಮಯೆ ಆಸ್ಪತ್ರೆಗೆ ಹೊರಟು ನಿಂತಿದ್ದರು. ಸಾಲು ಸಾಲಾಗಿ ಇಂಗ್ಲಿಷಿಗೆ ತಿರುಗಿಸಿ ಓದಿದೆ. ಮೊದಲ ಸಾಲುಗಳಿಗೆ, “ಅಯ್ಯೋ, ನಮ್ಮ ಮರಾಠಿಯಲ್ಲೂ ಹಾಗೇ ಹೇಳುತ್ತೇವಲ್ಲ, ಡೋಳೆ ಆಲೇ ಎಂದು” ಎಂದರು. ಪೇಡೆ ಕೊಡುವಾಗ ಒಂದು ಮಾತು ಆಜಿಯ ಭಾಷೆಯಲ್ಲಿ ಹೇಳಲು ಬಂದಿದ್ದರೆ ಅವರೇ ನನ್ನನ್ನು ತಡೆಯುತ್ತಿದ್ದರು.

ನೋವು ಇಳಿದಿದೆ ಎಂಬ ಸಾಲು ಓದಿದಾಗ ಡಾಕ್ಟರ್ ಚಪ್ಪಲಿ ಬಿಟ್ಟು ಒಳಗೆ ಬಂದು ಕೂತರು. ನಶ್ಯದ ಕಪ್ಪು ಎಂದಾಗ, “ತಡೆ, ಅವರು ಕೊನೆಯ ಸಲ ನಶ್ಯ ಹಾಕಿದ್ದು ಯಾವಾಗ?” ಎಂದರು. ಗೊತ್ತಿಲ್ಲ ಎನ್ನಲು ಹೊರಟವಳು ಕಾಗದ ನೋಡಿದೆ. ಹಬ್ಬದಿಂದ ಡಬ್ಬಿ ದೂರ ತಳ್ಳಿದ್ದಾರೆ ಎಂದು ನೀವೇ ಬರೆದಿದ್ದಿರಿ. ಅದನ್ನು ಓದಿದೆ. ಅವರು ನನ್ನ ಕೈ ಹಿಡಿದುಕೊಂಡು ಹೇಳಿದರು: “ಹಾಗಾದರೆ ಅದು ನಶ್ಯವಲ್ಲ. ಸತ್ತ ಮಾಂಸ.”

ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ, ಆಸ್ಪತ್ರೆಯವರು ಕೇಳಿದರೆ ಓದಿ ಹೇಳಿ. ಹಳಸಿದ ಹಣ್ಣಿನ ಮೇಲೆ ಬೆಳೆಯುವಂಥ ಒಂದು ಬೂಷ್ಟು ಗಾಳಿಯಲ್ಲೇ ಇರುತ್ತದಂತೆ. ಎಲ್ಲರ ಮೂಗಿಗೂ ಹೋಗುತ್ತದೆ, ಏನೂ ಆಗುವುದಿಲ್ಲ. ಸಕ್ಕರೆ ಕಾಯಿಲೆ ಹತೋಟಿ ತಪ್ಪಿ ರಕ್ತ ಹುಳಿಯಾದಾಗ ಮಾತ್ರ ಅದು ಒಳಗೆ ಬೇರು ಬಿಡುತ್ತದೆ. ಬಾಯಿಂದ ಬರುವುದು ದ್ರಾಕ್ಷಿಯ ವಾಸನೆಯಲ್ಲ, ಅತ್ತಿಗೆ, ಆ ಹುಳಿ ರಕ್ತದ ವಾಸನೆ. ಏದುಸಿರೂ ಅದರದೇ. ಬೂಷ್ಟು ಮೂಗಿನಿಂದ ಕಣ್ಣಿನ ಹಿಂದಕ್ಕೆ, ಅಲ್ಲಿಂದ ಮಿದುಳಿಗೆ ಹತ್ತುತ್ತದೆ. ಒಂದೇ ಕಡೆ ಮುಖ ಊದುವುದು, ರೆಪ್ಪೆ ಬೀಳುವುದು, ಗುಡ್ಡೆ ಮುಂದೆ ಬರುವುದು, ಕೆನ್ನೆ ಮರಗಟ್ಟುವುದು, ಎಲ್ಲವೂ ಅದರ ಗುರುತು. ನೋವು ಹೋದದ್ದು ಮದ್ದಿನಿಂದಲ್ಲ. ನೋವು ತಿಳಿಯುವ ನರವೇ ಸತ್ತಿದೆ.

ನಿಮ್ಮ ತಮ್ಮನಿಗೂ ತಂತಿ ಕೊಟ್ಟೆ. ಅಮೆರಿಕದಿಂದ ಬರುವ ಒಂದು ಹೊಸ ಔಷಧಿ ಇದೆಯಂತೆ, ಬೊಂಬಾಯಿಯಲ್ಲಿ ಸಿಕ್ಕರೆ ಸಿಗಬಹುದು. ಡಾಕ್ಟರ್ ಚೀಟಿ ಬರೆದುಕೊಟ್ಟಿದ್ದಾರೆ. ಅದು ತಣ್ಣಗೇ ಇರಬೇಕು. ನೀವು ಮದುವೆಗೆ ಕೊಟ್ಟ ಥರ್ಮಾಸ್ ಫ್ಲಾಸ್ಕನ್ನು ತೊಳೆದು ಇಟ್ಟಿದ್ದೇನೆ.

ಸಕ್ಕರೆ ಸರ ನಾನು ಕಳಿಸಬಾರದಿತ್ತು. ನಿಮ್ಮ ತಮ್ಮನಿಗೆ ಆಗಲೇ ಹೇಳಿದ್ದರೆ ಅವರು ಅಂದೇ ಓಡಿ ಬರುತ್ತಿದ್ದರು. ಸರ್ಪ್ರೈಸ್ ಎಂಬ ಪದವನ್ನು ಇನ್ನೆಂದೂ ಬರೆಯುವುದಿಲ್ಲ.

ಪದ್ಮಿನಿ

&nbsp;

ಶ್ರೀ
ಬೆಂಗಳೂರು, ಆಸ್ಪತ್ರೆಯಿಂದ
೩-೨-೧೯೬೪

ಚಿ॥ ಸೌ॥ ಪದ್ಮಿನಿಗೆ ಆಶೀರ್ವಾದ.

ಇತ್ತ ಅಮ್ಮ ಇದ್ದಾಳೆ. ಈ ಸಲ ಕ್ಷೇಮವೆಂದು ಬರೆಯುವುದಕ್ಕೆ ಬದಲು ಇದನ್ನೇ ಬರೆಯುತ್ತೇನೆ.

ತಂತಿ ಬಂದಾಗ ಅಪ್ಪ ದ್ರಾಕ್ಷಿ ಬುಟ್ಟಿಗಳನ್ನು ಮಾರುಕಟ್ಟೆಗೆ ಕಳಿಸಲು ನೂರುಲ್ಲಾನ ಲಾರಿಗೆ ಹೇರಿಸುತ್ತಿದ್ದರು. ನಾನು ಓದಿ ಹೇಳಿದೆ. ಅಪ್ಪನಿಗೆ ಅರ್ಥವಾಗಲಿಲ್ಲ. ನೂರುಲ್ಲಾ, “ಹಣ್ಣು ಹೋದ್ರೆ ಹೋಗ್ಲಿ ಸಾಮಿ, ಅಮ್ಮನ್ನ ಕೂರ್ಸಿ ಮೊದ್ಲು” ಎಂದು ತಾನೇ ಬುಟ್ಟಿಗಳನ್ನು ರಸ್ತೆ ಪಕ್ಕ ಇಳಿಸಿದ. ಹುಲ್ಲಿನ ಮೇಲೆ ಕಂಬಳಿ ಹಾಸಿ ಮಲಗಿಸಿದೆವು. ಹೆಬ್ಬಾಳದ ಕೆರೆ ಏರಿ ದಾಟುವಾಗ ತಣ್ಣನೆ ಗಾಳಿಗೆ ಅಮ್ಮನಿಗೆ ಸ್ವಲ್ಪ ಎಚ್ಚರವಾಯಿತು. “ಇದ್ಯಾವ ಗಾಡಿ ಕಣೆ? ಸದ್ದೇ ಗುರ್ತ್ ಸಿಗಾಕಿಲ್ಲ” ಎಂದಳು.

ಮೊದಲು ನೋಡಿದ ಡಾಕ್ಟರು ಹಲ್ಲಿನ ಬಾವು ಎಂದರು. ನಾನು ತಂತಿಯನ್ನು ಅವರ ಮುಂದೆ ಹಿಡಿದೆ. ಓದಿದರು. ದೊಡ್ಡ ಡಾಕ್ಟರನ್ನು ಕರೆಸಿದರು. ಅವರು ದೀಪ ಹಿಡಿದು, ಚಿಮಟದ ತುದಿಯಿಂದ ಮೂಗಿನ ಕಪ್ಪನ್ನು ಮುಟ್ಟಿ, ಒತ್ತಿ, ಕೊನೆಗೆ ಚುಚ್ಚಿದರು. “ನೋವಾ ಅಮ್ಮ?” ಎಂದರು.

“ಎಲ್ ಮುಟ್ಟಿದ್ರಿ?” ಎಂದಳು ಅಮ್ಮ.

ಅಲ್ಲಿಗೆ ಅವರಿಗೆ ತಿಳಿಯಿತು. ಅಂಗುಳಿನಲ್ಲೂ ಕಪ್ಪು ಇತ್ತು, ನಾವು ಬಾಯಿ ತೆರೆಸಿ ನೋಡಿಯೇ ಇರಲಿಲ್ಲ. ರಕ್ತದ ಹುಳಿ ಇಳಿಸಲು ಇನ್ಸುಲಿನ್, ನೀರಿನ ಬಾಟಲಿ. ಮಾರನೆಯ ದಿನ ಕಣ್ಣು ತೆಗೆದರು. ಕಣ್ಣೊಂದೇ ಅಲ್ಲ, ಸತ್ತದ್ದನ್ನೆಲ್ಲ ತೆಗೆಯಬೇಕು, ಇಲ್ಲದಿದ್ದರೆ ಮೇಲಕ್ಕೆ ಹತ್ತುತ್ತದೆ ಎಂದರು. ಅಂಗುಳಿನ ಒಂದು ಪಾಲೂ ಹೋಯಿತು.

ಕೇಶವ ಶನಿವಾರ ಬಂದ. ಥರ್ಮಾಸನ್ನು ಎದೆಗೆ ಅವುಚಿಕೊಂಡೇ ವಾರ್ಡಿಗೆ ಬಂದ. ಆ ಔಷಧಿ ಏರಿಸಿದರೆ ಅಮ್ಮನಿಗೆ ಮೈ ನಡುಕ, ಎರಡು ಕಂಬಳಿ ಹೊದಿಸಿದರೂ ನಿಲ್ಲದು. ಬೇಗ ಬಂದಿದ್ದರೆ ಇನ್ನೂ ಚೆನ್ನಾಗಿತ್ತು ಎಂದು ದೊಡ್ಡ ಡಾಕ್ಟರು ಒಂದೇ ಸಲ ಹೇಳಿದರು. ಕೇಶವ ನನ್ನ ಮುಖ ನೋಡಲಿಲ್ಲ. ನಾನು ಅವನ ಮುಖ ನೋಡಲಿಲ್ಲ.

ನಿನ್ನ ಮೊದಲ ಕಾಗದವನ್ನು ಇಲ್ಲಿ ಮತ್ತೆ ಓದಿದೆ. ಧಾರೆಯ ದಿನ ಅಮ್ಮ ಹೇಳಿದ ಮಾತನ್ನು ನೀನು ಅದರಲ್ಲೇ ಬರೆದಿದ್ದೆ. ಮೊದಲ ಸಲ ಅದು ನನ್ನ ಕಣ್ಣಿಗೆ ಬೀಳಲಿಲ್ಲ, ಪೇಡೆ ಮಾತ್ರ ಬಿತ್ತು. ಮಕ್ಕಳ ಪುಸ್ತಕದಲ್ಲಿ ಒಂದು ಕೊಂಬು ತಪ್ಪಿದರೂ ಹುಡುಕುವವಳು ನಾನು. ನೀನು ತಪ್ಪು ಅರ್ಥ ಮಾಡಿಕೊಂಡೆಯೆಂದು ತಿಳಿಯದೆ ಹೋದೆ. ತಿಳಿಯಲಿಲ್ಲವೋ, ತಿಳಿಯುವುದು ಬೇಡವೆನಿಸಿತೋ. ಈ ಮಾತನ್ನು ಅಪ್ಪನಿಗೆ ಹೇಳಿಲ್ಲ, ನಿನಗೆ ಹೇಳುತ್ತಿದ್ದೇನೆ.

ಅಮ್ಮನಿಗೆ ಎಚ್ಚರವಿದ್ದಾಗ ನೀನು ತಿಳಿದುಕೊಂಡ ಅರ್ಥವನ್ನು ಹೇಳಿದೆ. ಬಟ್ಟೆ ಕಟ್ಟಿದ ಮುಖದಲ್ಲೇ ನಕ್ಕಳು. ಮಾತು ಈಗ ಮೂಗಿನಲ್ಲಿ ಬರುತ್ತದೆ, ನನಗೊಬ್ಬಳಿಗೇ ತಿಳಿಯುವುದು. “ಅವ್ಳು ಸರ್ಯಾಗೇ ಓದವ್ಳೆ ಕಣೆ. ಬಂತು ಅಂದ್ರೆ ಬಂತು ಅಂತ ತಾನೆ? ನಮ್ ಮಾತೇ ಸೊಟ್ಟ” ಎಂದಳು. ಸ್ವಲ್ಪ ಹೊತ್ತಾದ ಮೇಲೆ, “ಇನ್ನೊಂದ್ ಕಣ್ಣೈತಲ್ಲ. ಇದ್ರ ಪೊರೆ ತೆಗೀಲಿ. ಅವ್ಳ ಬಣ್ಣ ನೋಡ್ದೆ ಓಗಾಕಿಲ್ಲ ಅಂತ ಬರಿ” ಎಂದಳು. ಬರೆದಿದ್ದೇನೆ.

ಅಪ್ಪ ವರಾಂಡದಲ್ಲೇ ಕೂತಿರುತ್ತಾರೆ. “ದ್ರಾಕ್ಷಿಗೆ ಬೂಷ್ಟು ಬಂದ್ರೆ ಮೈಲುತುತ್ತ ಒಡೀತೀನಿ. ಇವ್ಳಿಗೇನ್ ಒಡೀಲವ್ವ?” ಎಂದು ಬಂದವರನ್ನೆಲ್ಲ ಕೇಳುತ್ತಾರೆ.

ವೆಂಕಟಲಕ್ಷ್ಮಮ್ಮ

&nbsp;

ಶ್ರೀ
ಪೂನಾ
೭-೨-೧೯೬೪

ಪ್ರೀತಿಯ ಅತ್ತಿಗೆಯವರಿಗೆ,

“ಅಮ್ಮ ಇದ್ದಾಳೆ” ಎಂಬ ನಿಮ್ಮ ಸಾಲನ್ನು ದಿನಕ್ಕೆ ಹತ್ತು ಸಲ ಓದುತ್ತೇನೆ. ಈ ಸಾಲಿಗೆ ಬೇರೆ ಅರ್ಥವೇನೂ ಇಲ್ಲವಲ್ಲ? ಇದೆಯೇ ಎಂದು ಯಾರನ್ನಾದರೂ ಕೇಳೋಣವೆಂದರೆ ಇಲ್ಲಿ ಕನ್ನಡ ಬಲ್ಲವರಿಲ್ಲ.

ನಡುಕ ಬರುವುದು ಆ ಔಷಧಿಯ ಗುಣವೇ, ಹೆದರಬೇಡಿ, ಎಂದು ಡಾಕ್ಟರ್ ಲಿಮಯೆ ಹೇಳಿದರು. ಸಕ್ಕರೆ ಹತೋಟಿಗೆ ಬಂದು, ಗಾಯ ಮಾಗಿದರೆ, ಎಡಗಣ್ಣಿನ ಪೊರೆ ತೆಗೆಯಬಹುದೇ ಎಂದು ಕೇಳಿದೆ. ತುಂಬಾ ಹೊತ್ತು ಯೋಚಿಸಿ, ತೆಗೆಯಬಹುದು ಎಂದರು. ತುಂಬಾ ಹೊತ್ತು ಯಾಕೆ ಯೋಚಿಸಿದಿರಿ ಎಂದು ನಾನು ಕೇಳಲಿಲ್ಲ.

ಅತ್ತಿಗೆ, ಅತ್ತೆಗೆ ಹೇಳಿ: ನಾನು ಕಪ್ಪೂ ಅಲ್ಲ, ಬಿಳುಪೂ ಅಲ್ಲ, ಹುರಿದ ರಾಗಿಯ ಬಣ್ಣ. ಆದರೆ ನನ್ನ ಮಾತು ನಂಬಬಾರದು, ಅವರೇ ನೋಡಿ ತೀರ್ಮಾನಿಸಬೇಕು. ಮದುವೆಯಲ್ಲಿ ಉಟ್ಟ ಅದೇ ಸೀರೆ ಉಟ್ಟುಕೊಂಡು ಅದೇ ಜಾಗದಲ್ಲಿ ಕೂರುತ್ತೇನೆ. ಕನ್ನಡಕ ಹಾಕಿದ ಮೇಲೆ ಮೊದಲು ನನ್ನನ್ನೇ ನೋಡಬೇಕು, ಆಮೇಲೆ ಮಾವ, ಆಮೇಲೆ ದ್ರಾಕ್ಷಿ! ನೀವು ಜಗಳ ಮಾಡಬಾರದು.

ನಾನು ಹೊರಟು ಬರಲೇ? ನಿಮ್ಮ ಪಕ್ಕದಲ್ಲಿ ಕೂತಿರುತ್ತೇನೆ, ಬಾಟಲಿ ಹಿಡಿದುಕೊಳ್ಳುತ್ತೇನೆ. ಅರ್ಥವಾಗದ ಮಾತನ್ನು ಆಗಲೇ ಕೇಳುತ್ತೇನೆ, ನೀವು ನಗಬಹುದು. ಯಾವ ದಿನ ಬರಲಿ ಎಂದು ಒಂದು ಕಾರ್ಡು ಹಾಕಿ.

ನಿಮ್ಮ
ಪದ್ಮಿನಿ

&nbsp;

ಯಲಹಂಕ
೧೦-೨-೧೯೬೪

ಪದ್ಮಿನಿಗೆ,

ನಿನ್ನ ಏಳನೆಯ ತಾರೀಖಿನ ಕಾಗದ ಇಂದು ಬಂತು. ಗಟ್ಟಿಯಾಗಿ ಓದಿದೆ.

ನಾವೆಲ್ಲ ಯಲಹಂಕಕ್ಕೆ ಬಂದಿದ್ದೇವೆ. ಕೇಶವ ಇಲ್ಲೇ ಇದ್ದಾನೆ. ಅವನಿಗೆ ಈಗ ಅಲ್ಲಿಗೆ ಬಂದು ನಿನ್ನನ್ನು ಕರೆತರಲು ಆಗುವುದಿಲ್ಲ. ನೀನು ಹೊರಟು ಬಾ. ಆತುರಪಡಬೇಡ, ಸೀಟು ಸಿಕ್ಕ ದಿನ ಬಂದರೆ ಸಾಕು. ಒಬ್ಬಳೇ ಬರುವವಳು, ಹೆಂಗಸರ ಡಬ್ಬಿಯಲ್ಲೇ ಹತ್ತು. ಕಿಟಕಿ ಪಕ್ಕ ಕೂರಬೇಡ, ಎಂಜಿನ್ನಿನ ಕಿಡಿ ಕಣ್ಣಿಗೆ ಬೀಳುತ್ತದೆ. ದಾರಿಯಲ್ಲಿ ಊಟ ಬಿಡಬೇಡ. ಮದುವೆಯ ಸೀರೆ ತರುವುದು ಬೇಡ, ಸಾದಾ ಸೀರೆ ಸಾಕು.

ಯಾವ ಗಾಡಿ ಎಂದು ಬರೆ. ನಾನು ಬರುತ್ತೇನೆ.

ವೆಂಕಟಲಕ್ಷ್ಮಮ್ಮ

&nbsp;

ಶ್ರೀ
ಪೂನಾ
೧೨-೨-೧೯೬೪

ಅತ್ತಿಗೆ,

ಕಾರ್ಡು ಸಂಜೆಯ ಅಂಚೆಗೆ ಬಂತು. ಕೈಗೆ ತೆಗೆದುಕೊಂಡು ಮೆಟ್ಟಿಲ ಮೇಲೆ ಕೂತೆ. ಮೊದಲು ಮೇಲುಗಡೆ ನೋಡಿದೆ, ಆಮೇಲೆ ಓದಿದೆ, ಮತ್ತೆ ಮೇಲುಗಡೆ ನೋಡಿದೆ. ಅಂಚೆಯ ಮುದ್ರೆ ಮುಚ್ಚಿರಬಹುದೆಂದು ದೀಪದ ಹತ್ತಿರ ಹಿಡಿದೆ. ಆಜಿ ಬಂದು ಪಕ್ಕದಲ್ಲಿ ಕೂತರು. ನನ್ನ ತಲೆಯನ್ನು ತಮ್ಮ ಭುಜಕ್ಕೆ ಒರಗಿಸಿಕೊಂಡರು.

ಕಾರ್ಡಿನಲ್ಲಿ ನೀವು ಯಾವ ಸುದ್ದಿಯನ್ನೂ ಬರೆದಿಲ್ಲ. ಒಬ್ಬಳೇ ರೈಲಿನಲ್ಲಿ ಅಳುತ್ತಾ ಬರಬಾರದೆಂದು ಬರೆದಿಲ್ಲ, ಅಲ್ಲವೇ? ಆದರೆ ನೀವು ಪಾಠ ಹೇಳುವವರು, ಕೈ ಸುಳ್ಳು ಬರೆಯಲು ಒಪ್ಪಿಲ್ಲ. ಹಾಕಬಾರದ ಕಡೆ ಹಾಕಲಿಲ್ಲ.

ನಾನು ಮಾತ್ರ ಈ ಕಾಗದಕ್ಕೆ ಶ್ರೀ ಹಾಕಿದ್ದೇನೆ. ನಾನು ಕನ್ನಡವನ್ನು ತಪ್ಪಾಗಿ ಓದುವವಳು ಎಂದು ನಿಮಗೆ ಗೊತ್ತಿದೆ. ಈ ಸಲವೂ ತಪ್ಪಾಗಿ ಓದಿರಬಹುದು. ಅವಸರದಲ್ಲಿ ನೀವು ಮರೆತಿರಬಹುದು, ನಾನು ಮರೆತ ಹಾಗೆ. ಹಾಗಿದ್ದರೆ ಸ್ಟೇಷನ್ನಿನಲ್ಲಿ ನನ್ನನ್ನು ಕಂಡ ತಕ್ಷಣ ಎಲ್ಲರ ಎದುರಿಗೂ ಬೈಯಿರಿ. ಕೆಂಪು ಶಾಯಿ ತನ್ನಿ, ಕಾರ್ಡು ನನ್ನ ಕೈಯಲ್ಲೇ ಇರುತ್ತದೆ, ಅಲ್ಲೇ ತಿದ್ದಿಬಿಡಿ.

ಶುಕ್ರವಾರ ಇಲ್ಲಿಂದ ಹೊರಡುತ್ತೇನೆ. ಭಾನುವಾರ, ಹದಿನಾರನೆಯ ತಾರೀಖು, ಬೆಳಿಗ್ಗೆ, ಪೂನಾ ಮೇಲ್ ಗಾಡಿಯಲ್ಲಿ ಯಶವಂತಪುರಕ್ಕೆ ಬಂದು ಇಳಿಯುತ್ತೇನೆ.

ಪದ್ಮಿನಿ